ಸಾಸಿವೆ ಸಿಲಕ್ಕದ ಕೊನೆಯ ಜಾಡಿ

ಅಕ್ಟೋಬರ್ ಮೊದಲ ವಾರ ಬಂತೆಂದರೆ ಹೆಲ್ಸಿಂಕಿಯ ಬಂದರು ಚೌಕಕ್ಕೆ ದ್ವೀಪಗಳಿಂದ ಮೀನಿನ ದೋಣಿಗಳು ಬರುತ್ತವೆ. ಬೆನ್ನನ್ನು ದಡಕ್ಕೆ ತಾಗಿಸಿಕೊಂಡು ಒಂದರ ಪಕ್ಕ ಒಂದು ಸಾಲಾಗಿ ನಿಂತವೆಂದರೆ ಸಿಲಕ್ಕ ಸಂತೆ ಶುರುವಾದಂತೆ. ಸಿಲಕ್ಕವೆಂದರೆ ಗೇಣುದ್ದವೂ ಇಲ್ಲದ ಬೆಳ್ಳಿ ಮೀನು. ದ್ವೀಪದವರು ಅದನ್ನು ಉಪ್ಪಿನಲ್ಲಿ, ಹುಳಿಯಲ್ಲಿ, ಸಬ್ಬಸಿಗೆ ಸೊಪ್ಪಿನಲ್ಲಿ ನೆನೆಹಾಕಿ ಜಾಡಿಗಟ್ಟಲೆ ತಂದು ದೋಣಿಯಿಂದಲೇ ಮಾರುತ್ತಾರೆ. ಎದುರಿಗೆ ಕಿತ್ತಳೆ ಬಣ್ಣದ ಗುಡಾರಗಳು. ಅವುಗಳೊಳಗೆ ಬಂಡಿಗಾಲಿಯಷ್ಟು ಅಗಲದ ಬಾಣಲೆಗಳು ಚುಂಯ್‌ಗುಡುತ್ತಿರುತ್ತವೆ. ಊರೆಲ್ಲ ಬೆಣ್ಣೆ, ಹೊಗೆ, ಕಡಲು ಕಲೆತ ಒಂದು ವಾಸನೆ. ಆ ವಾಸನೆ ಮೂಗಿಗೆ ಬಡಿಯುವ ತನಕ ಹೆಲ್ಯಾಳ ಪಾಲಿಗೆ ಬೇಸಿಗೆ ಮುಗಿದಂತೆಯೇ ಅಲ್ಲ.

ಹೆಲ್ಯಾ, ವಿರ್ಪಿ, ಮಾರ್ಯುತ್ ಮೂವರೂ ಟ್ರಾಮ್ ಓಡಿಸಿದವರು. ಒಂದೇ ಡಿಪೋದಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ಕಾಫಿ ಕುಡಿದವರು. ಸಂತೆಯ ದಿನಕ್ಕೆ ಅವರದೊಂದು ಕಟ್ಟುಪಾಡಿತ್ತು: ಮೂವರೂ ಬೇರೆ ಬೇರೆ ಗುಡಾರದಿಂದ ಒಂದೊಂದು ತಟ್ಟೆ ತರಬೇಕು, ಮಧ್ಯದಲ್ಲಿಡಬೇಕು, ಮೂವರೂ ತಿನ್ನಬೇಕು. ಇದು ನನ್ನದು ಅನ್ನುವಂತಿಲ್ಲ.

ಆ ದಿನ ವಿರ್ಪಿ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದ ಪುಟ್ಟ ಮೀನು ತಂದಿದ್ದಳು. ಹೆಲ್ಯಾ ತಂದಿದ್ದು ಆಲೂಗೆಡ್ಡೆ ಹಾಕಿದ ಬಿಸಿ ಸಾಲ್ಮನ್ ಸಾರು. ಮಾರ್ಯುತ್ ದ್ವೀಪದ ಸಿಹಿ ಕರಿ ಬ್ರೆಡ್ಡಿನ ಮೇಲೆ ಹೊಗೆ ಹಾಕಿದ ಮೀನನ್ನು ಅಳತೆ ಹಿಡಿದಂತೆ ಜೋಡಿಸಿಕೊಂಡು ಬಂದಿದ್ದಳು. ಸಣಕಲು ಮೈಯ ಮಾರ್ಯುತ್ ಏನು ಮಾಡಿದರೂ ಹಾಗೆಯೇ. ಅವಳ ಟ್ರಾಮ್ ನಿಲ್ದಾಣದ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು, ಒಂದು ಅಂಗುಲ ಆಚೆಯಿಲ್ಲ, ಈಚೆಯಿಲ್ಲ.

“ಈ ಬ್ರೆಡ್ಡು ತಿನ್ನೋಕೋ, ಗೋಡೆಗೆ ನೇತುಹಾಕೋಕೋ?” ಎಂದಳು ವಿರ್ಪಿ. ಅವಳು ದಪ್ಪಗೆ, ದೊಡ್ಡ ಗಂಟಲಿನವಳು.

“ನಿನ್ನ ಕೈಗೆ ಸಿಕ್ಕಿದ್ರೆ ಗೋಡೆ ನೋಡೋ ತನಕ ಉಳಿಯುತ್ತಾ ಅದು?” ಎಂದಳು ಮಾರ್ಯುತ್.

ಅಷ್ಟರಲ್ಲಿ ಒಂದು ಕಡಲಹಕ್ಕಿ ಸುಯ್ಯನೆ ಇಳಿದು, ಮೇಲಿನ ತುಂಡು ಕಚ್ಚಿಕೊಂಡು ಗುಡಾರದ ನೆತ್ತಿ ಸೇರಿತು. ಮಾರ್ಯುತ್ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

“ಟಿಕೆಟ್ ತಗೊಳ್ದೆ ಹತ್ತಿದಾನೆ ನೋಡೇ. ಕೆಳಗಿಳಿಸು ಅವನ್ನ,” ಎಂದು ವಿರ್ಪಿ ನಕ್ಕಳು. ಪಕ್ಕದ ಮೇಜಿನ ಗಂಡಸು ತನ್ನ ತಟ್ಟೆಯನ್ನು ಎದೆಗವಚಿಕೊಂಡ.

ಹೆಲ್ಯಾ ನಕ್ಕಳಾದರೂ ಅವಳ ಕಣ್ಣು ದೋಣಿಗಳ ಸಾಲಿನ ತುದಿಯಲ್ಲಿತ್ತು. ಅಲ್ಲಿ ನೀಲಿ ಪಟ್ಟೆಯ ಹಳೆಯ ದೋಣಿ, ಹೆಸರು ‘ಗುನ್ನೆಲ್’. ಅದರ ಮೇಲೊಂದು ರಟ್ಟಿನ ಹಲಗೆ ತೂಗುಹಾಕಿದ್ದರು: ‘ಇದು ನಮ್ಮ ಕೊನೆಯ ಸಂತೆ.’

“ಹೋಗಿ ಬಾರೇ,” ಎಂದಳು ವಿರ್ಪಿ. “ಇಪ್ಪತ್ತೆರಡು ವರ್ಷ ಅಜ್ಜ ನಿನಗೆ ಅಂತ ಜಾಡಿ ಎತ್ತಿಟ್ಟಿದಾರೆ. ಇವತ್ತಾದ್ರೂ ಬಾಯಿ ಬಿಟ್ಟು ಒಂದು ಮಾತು ಚೆನ್ನಾಗಿ ಆಡು. ಯಾವಾಗ ನೋಡಿದ್ರೂ ಬ್ರೇಕ್ ಹಾಕಿದ ಹಾಗೆ ನಿಂತಿರ್ತೀಯ.”

ಹೆಲ್ಯಾಳಿಗೂ ಬೇಕಿದ್ದುದು ಅಷ್ಟೇ. ಇವತ್ತು ಆ ದೋಣಿಯ ಅಜ್ಜ ತೂರೆಗೆ ಸರಿಯಾಗಿ ವಂದನೆ ಹೇಳಬೇಕು. ಅದಕ್ಕಾಗಿ ಮೂರು ರಾತ್ರಿ ಮನಸ್ಸಿನಲ್ಲೇ ಮಾತು ಹೊಂದಿಸಿದ್ದಳು. ಕಷ್ಟವೆಂದರೆ ಆ ಮಾತಿನ ಅಡಿಯಲ್ಲಿ ಒಂದು ಸುಳ್ಳು ಕುಳಿತಿತ್ತು.

ಅದು ಹುಟ್ಟಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಉತ್ತರದ ಕಯಾನಿಯಲ್ಲಿ ಅವಳು ಲೆಕ್ಕ ಬರೆಯುತ್ತಿದ್ದ ಮರದ ಮಿಲ್ಲು ಬಾಗಿಲು ಹಾಕಿತ್ತು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಟ್ರಾಮ್ ಓಡಿಸುವುದನ್ನು ಕಲಿಯಲು ಒಬ್ಬಳೇ ರಾಜಧಾನಿಗೆ ಬಂದಿದ್ದಳು. ಬಂದು ಮೂರು ವಾರವಾದರೂ ಕಲಿಸುವವನು ‘ನಿಧಾನ’, ‘ಗಂಟೆ ಬಾರಿಸು’ ಅಂದದ್ದು ಬಿಟ್ಟರೆ ಯಾರೂ ಒಂದು ಮಾತು ಆಡಿರಲಿಲ್ಲ. ಅಲ್ಲಿನ ಜನ ಕೆಟ್ಟವರೆಂದಲ್ಲ. ಗುರುತಿಲ್ಲದವರನ್ನು ಮಾತಾಡಿಸಿ ತೊಂದರೆ ಕೊಡುವುದು ಯಾಕೆ ಅನ್ನುವುದು ಅವರ ಮರ್ಯಾದೆ. ಬಾಡಿಗೆ ಕೋಣೆಯ ಗೋಡೆ ನೋಡಿ ಸಾಕಾಗಿ, ಟ್ರಾಮ್ ಸಮವಸ್ತ್ರದಲ್ಲೇ ಮಳೆಯಲ್ಲಿ ನೆನೆಯುತ್ತ ಅವಳು ಸಂತೆಗೆ ಬಂದಿದ್ದಳು. ‘ಗುನ್ನೆಲ್’ ಮುಂದೆ ಏನು ಕೊಳ್ಳಬೇಕೆಂದು ತಿಳಿಯದೆ ನಿಂತಿದ್ದಾಗ ಬಿಳಿ ಹುಬ್ಬಿನ ಮೀನುಗಾರ ಮೇಲಿಂದ ಕೆಳಕ್ಕೆ ನೋಡಿದ. ಡಬ್ಬಿ ತೆರೆದು ತನ್ನ ಊಟದ ಬ್ರೆಡ್ಡನ್ನೇ ಅವಳ ಕೈಗಿಟ್ಟು, “ತಿನ್ನು. ಒದ್ದೆಯಾಗಿದೀಯ,” ಎಂದ.

ಬ್ರೆಡ್ಡಿನ ಮೇಲೆ ಸಾಸಿವೆಯಲ್ಲಿ ನೆನೆದ ಸಿಲಕ್ಕ. ಹೆಲ್ಯಾಳಿಗೆ ಚಿಕ್ಕಂದಿನಿಂದಲೂ ಸಾಸಿವೆ ಕಂಡರಾಗದು. ಆದರೂ ತಿಂದಳು. ಯಾರೋ ಒಬ್ಬರು ತನ್ನನ್ನು ಕಂಡರು, ಒದ್ದೆಯಾಗಿರುವುದನ್ನು ಕಂಡರು ಅನ್ನುವುದು ಒಂದು ಕಡೆ. ಸಾಸಿವೆ ನೆತ್ತಿಗೇರಿದ್ದು ಇನ್ನೊಂದು ಕಡೆ. ಎರಡೂ ಸೇರಿ ಕಣ್ಣೀರು ದಳದಳ ಇಳಿಯಿತು. ಹೇಗಿದೆ ಎಂದು ಆತ ಕೇಳಿದಾಗ, “ಪರವಾಗಿಲ್ಲ,” ಅಂದಳು. ಆ ದೇಶದಲ್ಲಿ ಪರವಾಗಿಲ್ಲ ಅಂದರೆ ಹೊಗಳಿಕೆ ಮುಗಿಯಿತು ಅಂತಲೇ. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ.

ಮರುವರ್ಷ ಹೋದಾಗ ಆತ ಹಲಗೆಯ ಅಡಿಯಿಂದ ಒಂದು ಜಾಡಿ ತೆಗೆದ. “ಟ್ರಾಮ್ ಹುಡುಗಿಗೆ,” ಎಂದ. ಬೇಡವೆನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಅದರ ಮರುವರ್ಷವೂ ಹೊರಳಲಿಲ್ಲ. ಮೂರು ವರ್ಷ ಕಳೆದ ಮೇಲೆ ಹೇಳುವ ಕಾಲವೇ ಮೀರಿಹೋಯಿತು. ಹಾಗೆ ಬಂದ ಜಾಡಿಯನ್ನು ಅವಳು ಪ್ರತಿ ವರ್ಷ ಮಾರ್ಯುತ್‌ಗೆ ಕೊಟ್ಟುಬಿಡುತ್ತಿದ್ದಳು. ತನ್ನ ತಾಯಿ ಸಾಸಿವೆ ಸಿಲಕ್ಕ ಮಾಡುತ್ತಿದ್ದಳೆಂದು ಮಾರ್ಯುತ್ ಎಂದೋ ಒಮ್ಮೆ ಹೇಳಿದ್ದಳು. ‘ನಿನಗೆ ಅಂತ ತಂದೆ’ ಎಂದು ಕೊಟ್ಟರೆ ಅವಳು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು.

ಈಗ ‘ಗುನ್ನೆಲ್’ ಮುಂದೆ ಜನ ಕಿಕ್ಕಿರಿದಿದ್ದರು. ತೂರೆಗೆ ಎಪ್ಪತ್ತೆಂಟು. ಬಿಳಿ ಹುಬ್ಬು ಇನ್ನೂ ದಪ್ಪಗಿತ್ತು, ಬೆನ್ನು ಮಾತ್ರ ಕೊಕ್ಕೆಯಂತೆ ಬಾಗಿತ್ತು. ಮನೆಮಾತು ಸ್ವೀಡಿಷ್; ಫಿನ್ನಿಷ್ ಆಡುವಾಗ ಒಂದೊಂದೇ ಮಾತನ್ನು ಬಲೆಯಿಂದ ಮೀನು ಬಿಡಿಸಿದಂತೆ ಬಿಡಿಸುತ್ತಿದ್ದ.

“ಬಂದ್ಯಾ, ಟ್ರಾಮ್ ಹುಡುಗಿ.”

ಅರವತ್ತೊಂದು ವರ್ಷದ ಹುಡುಗಿ ತಲೆಯಾಡಿಸಿದಳು. “ತೂರೆಯವರೇ, ಒಂದು ಮಾತು ಹೇಳ್ಬೇಕಿತ್ತು...”

“ನಂದೂ ಒಂದಿದೆ,” ಎಂದ ಆತ. ಕಾಲಬುಡದಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಸರಿಸಿದ. ಒಳಗೆ ಒಂದು ಮರದ ಬೋಗುಣಿ, ಅದರೊಳಗೆ ಮುಷ್ಟಿಗಿಂತ ದೊಡ್ಡ ಕಬ್ಬಿಣದ ಗುಂಡು. ಪಕ್ಕದಲ್ಲಿ ಹಿಡಿಯಿಲ್ಲದ ಕಾಫಿ ಬಟ್ಟಲು, ಕಡಲ ನಕ್ಷೆಯ ಹರಿದ ತುಂಡೊಂದು. ತುಂಡಿನ ಹಿಂದುಗಡೆ ಪೆನ್ಸಿಲ್ಲಿನ ಓರೆ ಅಕ್ಷರ. “ಗುನ್ನೆಲ್ ಸಾಸಿವೆ. ಅವಳ ತಾಯಿಗೆ ಅವಳ ಅಜ್ಜಿ ಕೊಟ್ಟದ್ದು. ಅಳತೆಯೆಲ್ಲ ಈ ಬಟ್ಟಲಿಂದು, ಬೇರೆ ಬಟ್ಟಲಿಗೆ ಆಗಲ್ಲ. ಯಾರಿಗೂ ಕೊಟ್ಟಿಲ್ಲ. ಮಗಳಿಗೆ ಬೇಡ, ಅಂಗಡೀಲಿ ಸಿಗುತ್ತಲ್ಲ ಅಂತಾಳೆ. ಒಂಬತ್ತು ವರ್ಷದಿಂದ ಇದನ್ನ ಅರೀತಿರೋದು ನಿನ್ನ ಒಂದು ಜಾಡಿಗೆ. ಅದಕ್ಕೆ ಇದು ನಿಂದು.”

ಹೆಲ್ಯಾಳ ಕೈ ಮುಂದೆ ಹೋಗಲಿಲ್ಲ. ಒಂಬತ್ತು ವರ್ಷದ ಹಿಂದೆ ತೂರೆಯ ಹೆಂಡತಿ ಗುನ್ನೆಲ್ ತೀರಿಕೊಂಡಿದ್ದಳು. ಅಂದರೆ ಒಂಬತ್ತು ವರ್ಷದಿಂದ ಈ ಮುದುಕ ತನ್ನೊಬ್ಬಳಿಗಾಗಿ...

“ಒಂದು ಗಂಟೆಗೆ ಬಾ,” ಎಂದ ತೂರೆ. “ಗಿರಾಕಿ ಕಮ್ಮಿಯಾಗ್ತಾರೆ. ಗುಂಡು ಹೊರಳ್ಸೋದು ತೋರಿಸ್ತೀನಿ. ಬರೆದಿದ್ದು ನೋಡಿ ಬರಲ್ಲ ಅದು.”

ಅವಳು ಈ ವರ್ಷದ ಜಾಡಿಯನ್ನು ಮಾತ್ರ ಕೈಗೆತ್ತಿಕೊಂಡು ಗುಡಾರಕ್ಕೆ ಮರಳಿದಳು. ಮುಖ ನೋಡಿದ ವಿರ್ಪಿ ಕುರ್ಚಿ ಎಳೆದು ಕೂರಿಸಿದಳು.

“ಏನಾಯ್ತೇ? ಅಜ್ಜ ಮದುವೆ ಆಗ್ತೀನಿ ಅಂದ್ರಾ?”

“ಅದಾದ್ರೂ ಪರವಾಗಿರಲಿಲ್ಲ,” ಎಂದಳು ಹೆಲ್ಯಾ. ಪೆಟ್ಟಿಗೆ, ಬಟ್ಟಲು, ಕಬ್ಬಿಣದ ಗುಂಡು ಎಲ್ಲ ಹೇಳಿದಳು. ಕೊನೆಗೆ ಮಾರ್ಯುತ್ ಕಡೆ ತಿರುಗಿ, ಮೇಜಿನ ಮೇಲಿದ್ದ ಜಾಡಿ ನೋಡುತ್ತ ಹೇಳಿದಳು: “ನಂಗೆ ಸಾಸಿವೆ ಸೇರಲ್ಲ ಕಣೆ. ಯಾವತ್ತೂ ಸೇರಿಲ್ಲ. ಅದಕ್ಕೇ ನಿಂಗೆ ಕೊಡ್ತಿದ್ದೆ. ಬೇಜಾರು ಮಾಡ್ಕೋಬೇಡ.”

ಮಾರ್ಯುತ್ ಕಾಫಿ ಲೋಟ ಕೆಳಗಿಟ್ಟಳು. ಅವಳ ಮುಖ ಕೆಂಪಗಾಯಿತು.

“ನಿಂಗೆ ಸೇರಲ್ವಾ? ನಿಂಗೆ ಅದು ಪ್ರಾಣ, ಆದ್ರೂ ನಂಗೆ ಕೊಡ್ತೀಯ ಅಂದ್ಕೊಂಡಿದ್ದೆ. ಹಾಗಂತ ಬೇಡ ಅನ್ನೋಕಾಗಲಿಲ್ಲ.” ಜಾಡಿಯನ್ನು ಪಕ್ಕಕ್ಕೆ ಸರಿಸಿದಳು. “ನಮ್ಮಮ್ಮ ಅದನ್ನ ಮಾಡ್ತಿದ್ದಳು ಅಂದೆ. ನಾನು ತಿಂತಿದ್ದೆ ಅಂದಿರಲಿಲ್ಲ. ಅದನ್ನ ತಿಂದ್ರೆ ನಂಗೆ ಎರಡು ದಿನ ಎದೆ ಉರಿಯುತ್ತೆ.”

“ಹಾಗಾದ್ರೆ ಇಪ್ಪತ್ತು ಜಾಡಿ ಎಲ್ಲಿಗೆ ಹೋಯ್ತು?”

ಮಾರ್ಯುತ್ ವಿರ್ಪಿಯನ್ನು ನೋಡಿದಳು. ವಿರ್ಪಿ ಬಾಯಿಗೆ ಹೊರಟಿದ್ದ ಮೀನನ್ನು ಅರ್ಧದಾರಿಯಲ್ಲೇ ನಿಲ್ಲಿಸಿದಳು.

“ನನ್ನ ಹುಟ್ಟುಹಬ್ಬ ಅಕ್ಟೋಬರಲ್ಲಿ ಅಲ್ವಾ,” ಎಂದಳು ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ಆ ಇಬ್ಬರೂ ಅದೇ ಮೊದಲು ಕೇಳಿದ್ದು. “ಮಾರ್ಯುತ್ ಅಮ್ಮನ ನೆನಪಿಂದು, ಬಾಯಿ ಕಟ್ಟಿಕೊಂಡು ನಂಗೆ ಕೊಡ್ತಾಳೆ ಅಂದ್ಕೊಂಡೆ. ಹೆಲ್ಯಾಗೆ ಹೇಳ್ಬೇಡ ಅಂತಾನೂ ಅಂದಿದ್ದಳು. ಬಿಸಿ ಆಲೂಗೆಡ್ಡೆ ಜೊತೆ ಎರಡೇ ದಿನಕ್ಕೆ ಖಾಲಿ ಮಾಡ್ತಿದ್ದೆ. ಇಂಥದ್ದು ತಿಂದೂ ಸುಮ್ನೆ ಇರೋಕಾಗುತ್ತಾ? ಅದಕ್ಕೇ ಪ್ರತಿ ವರ್ಷ ಮಾರ್ಯುತ್‌ಗೆ ಉಣ್ಣೆ ಕಾಲುಚೀಲ ಹೆಣೀತಿದ್ದೆ.”

ಹೆಲ್ಯಾ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಬೂಟಿನ ಅಂಚಿನಿಂದ ಬೂದು ಬಣ್ಣದ ದಪ್ಪ ಉಣ್ಣೆ ಇಣುಕುತ್ತಿತ್ತು. ಅದನ್ನು ಕ್ರಿಸ್ಮಸ್ಸಿಗೆ ಕೊಟ್ಟವಳು ಮಾರ್ಯುತ್. ಪ್ರತಿ ಕ್ರಿಸ್ಮಸ್ಸಿಗೂ ಕೊಡುತ್ತಿದ್ದಳು.

“ಉಣ್ಣೆ ನಂಗೆ ಕಡಿಯುತ್ತೆ,” ಎಂದಳು ಮಾರ್ಯುತ್, ನೆಲ ನೋಡುತ್ತ.

“ಗೊತ್ತು,” ಎಂದಳು ವಿರ್ಪಿ. “ಅವು ಹೆಲ್ಯಾ ಕಾಲಲ್ಲಿ ಕಂಡು ಹದಿನೈದು ವರ್ಷ ಆಯ್ತು. ನಮ್ಮನೆಗೆ ಬಂದು ಬೂಟು ಬಿಚ್ಚಿದ್ರೆ ನನ್ನ ಹೆಣಿಗೆ. ಏನಾದ್ರೂ ಕಾರಣ ಇರುತ್ತೆ ಅಂತ ಕೇಳಲಿಲ್ಲ. ಆಮೇಲೆ ಅವಳ ಕಾಲಿನ ಅಳತೆಗೇ ಹೆಣೆಯೋಕೆ ಶುರು ಮಾಡ್ದೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಮಾರ್ಯುತ್, ಮೂಗಿನಲ್ಲಿ ಕಾಫಿ ಬರುವಷ್ಟು. ವಿರ್ಪಿ ಮೇಜು ಬಡಿದಳು, ಸಾರಿನ ಬಟ್ಟಲು ಕುಣಿಯಿತು. ಪಕ್ಕದ ಗಂಡಸು ತಟ್ಟೆ ಸಮೇತ ಇನ್ನೊಂದು ಮೇಜಿಗೆ ಹೋದ.

ನಗು ಇಳಿದ ಮೇಲೆ ವಿರ್ಪಿ ಕಣ್ಣೊರೆಸಿಕೊಂಡು ಹೇಳಿದಳು: “ಸುಲಭ ಆಯ್ತಲ್ಲೇ. ಹೋಗು, ಪೆಟ್ಟಿಗೆ ತಗೋ, ಥ್ಯಾಂಕ್ಸ್ ಹೇಳು, ತಂದು ನಂಗೆ ಕೊಡು. ಇಷ್ಟು ವರ್ಷ ನಡೆದಿದ್ದೂ ಅದೇ ತಾನೆ? ಅಜ್ಜಂಗೆ ಯಾಕೆ ನೋವು?”

ಸುಲಭವೇನೋ ಹೌದು. ಹೆಲ್ಯಾ ಸಾರಿನಲ್ಲಿ ಚಮಚ ತಿರುಗಿಸುತ್ತ ಕುಳಿತಳು. ಅಷ್ಟೊತ್ತೂ ಅವಳ ಕಣ್ಣಮುಂದೆ ಆ ಹಿಡಿಯಿಲ್ಲದ ಬಟ್ಟಲೇ ಇತ್ತು. ಅದನ್ನು ಸುಳ್ಳು ಹೇಳಿ ಇಸಿದುಕೊಂಡರೆ ಹೇಳಬೇಕಾದ ವಂದನೆ ಹೇಳಿದಂತಾಗುವುದಿಲ್ಲ, ಸಾಸಿವೆಗೆ ಹೇಳಿದಂತಾಗುತ್ತದೆ. ಅವಳು ಋಣಿಯಾಗಿದ್ದುದು ಸಾಸಿವೆಗಲ್ಲ. ಈ ವರ್ಷ ತಪ್ಪಿದರೆ ಆ ದೋಣಿ ಮತ್ತೆ ಬರುವುದಿಲ್ಲ.

“ಇಲ್ಲ ಕಣೆ,” ಎಂದಳು. “ಹೇಳಿಬಿಡ್ತೀನಿ. ನೀವೂ ಬನ್ನಿ. ನಾನು ನಡುವೆ ಬ್ರೇಕ್ ಹಾಕಿದ್ರೆ ಹಿಂದಿಂದ ತಳ್ಳಿ.”

ಒಂದು ಗಂಟೆಗೆ ಗಿರಾಕಿಗಳು ಕಡಿಮೆಯಾಗಿದ್ದರು. ತೂರೆ ಮೂವರನ್ನೂ ದೋಣಿಗೆ ಹತ್ತಿಸಿಕೊಂಡ. ಮೊಣಕಾಲಿನ ನಡುವೆ ಬೋಗುಣಿ ಇಟ್ಟುಕೊಂಡು ಇನ್ನೇನು ಶುರುಮಾಡಬೇಕು, ಹೆಲ್ಯಾ ತಡೆದಳು.

“ತೂರೆಯವರೇ, ನಂಗೆ ಸಾಸಿವೆ ಸೇರಲ್ಲ.”

ತೂರೆಯ ಹುಬ್ಬು ಮೇಲೇರಿತು.

ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲವೆಂದು ಗೊತ್ತಿತ್ತು. “ಅವತ್ತು ಅತ್ತಿದ್ದು ರುಚಿಗಲ್ಲ. ಮೂರು ವಾರದಿಂದ ಈ ಊರಲ್ಲಿ ಯಾರೂ ನನ್ನ ಹತ್ರ ಮಾತಾಡಿರಲಿಲ್ಲ. ಅವತ್ತು ಸಂಜೆ ರೈಲು ಹತ್ತಿ ವಾಪಸ್ ಕಯಾನಿಗೆ ಹೋಗಬೇಕು ಅಂತಿದ್ದೆ, ಚೀಲ ಕಟ್ಟಿಟ್ಟಿದ್ದೆ. ನೀವು ಒದ್ದೆಯಾಗಿದೀಯ ಅಂದ್ರಿ. ನಿಮ್ಮ ಊಟ ಕೊಟ್ರಿ. ನಾನು ಉಳ್ಕೊಂಡೆ. ಆಮೇಲೆ ಇವರಿಬ್ಬರು ಸಿಕ್ಕಿದ್ರು. ನಂಗೆ ಇರೋದೆಲ್ಲ ಆ ಬ್ರೆಡ್ಡಿನಿಂದ ಬಂದಿದ್ದು. ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕಿತ್ತು. ಬದಲಿಗೆ ಪರವಾಗಿಲ್ಲ ಅಂದ್ಬಿಟ್ಟೆ, ನಿಮ್ಮ ಮನೇಲಿ ಇಪ್ಪತ್ತೆರಡು ವರ್ಷ ಅರೆದ್ರಿ.”

ವಿರ್ಪಿ, ಮಾರ್ಯುತ್ ಇಬ್ಬರೂ ಹಿಂದೆ ನಿಂತು ಕೇಳುತ್ತಿದ್ದರು. ಚೀಲ ಕಟ್ಟಿಟ್ಟಿದ್ದ ಸಂಗತಿ ಅವರಿಗೂ ಹೊಸದು.

ತೂರೆ ಗುಂಡನ್ನು ನೋಡಿದ. ಬೋಗುಣಿಯಲ್ಲಿ ಅದನ್ನೊಮ್ಮೆ ಆ ಕಡೆಗೆ ಹೊರಳಿಸಿ ಈ ಕಡೆಗೆ ತಂದ.

“ನಂಗೂ ಸೇರಲ್ಲ,” ಎಂದ.

“ಏನು?” ಎಂದಳು ವಿರ್ಪಿ.

“ಸಾಸಿವೆ. ನಂಗೂ ಸೇರಲ್ಲ. ಮದುವೆಯಾದ ವಾರವೇ ಮಾಡಿ ಬಡಿಸಿದಳು. ಹೊಸ ಹೆಂಡತಿ, ಏನು ಹೇಳೋದು? ಪರವಾಗಿಲ್ಲ ಅಂದೆ. ಅವತ್ತಿಂದ ದಿನಾ ಬುತ್ತಿಗೆ ಅದನ್ನೇ ಕಟ್ಟಿದಳು. ನಾನು ಕದ್ದು ಕಡಲಹಕ್ಕಿಗೆ ಹಾಕ್ತಿದ್ದೆ. ನೀನು ಬಂದ ದಿನ ಮಳೆ, ಹಕ್ಕಿ ಒಂದೂ ಇರಲಿಲ್ಲ.”

ಹೆಲ್ಯಾ ಒಂದು ಹೆಜ್ಜೆ ಹತ್ತಿರ ಬಂದಳು.

“ಮನೆಗೆ ಹೋಗಿ ಹೇಳ್ದೆ, ಟ್ರಾಮಿನ ಹುಡುಗಿಯೊಬ್ಬಳು ನಿನ್ನ ಸಾಸಿವೆ ತಿಂದು ಅತ್ತಳು ಅಂತ. ಗುನ್ನೆಲ್‌ಗೆ ಅವತ್ತು ಆದ ಖುಷಿ...” ಗುಂಡನ್ನು ಇನ್ನೊಮ್ಮೆ ಹೊರಳಿಸಿದ. “ಅಳೋರಿಗೆ ಒಂದು ಜಾಡಿ ಎತ್ತಿಡಬೇಕು ಅಂದಳು. ಪ್ರತಿ ವರ್ಷ ನಾನು ಸಂತೆಯಿಂದ ಬಂದು ದೋಣಿ ಕಟ್ಟೋಕೆ ಮುಂಚೆ ದಡದಲ್ಲೇ ನಿಂತು ಕೇಳ್ತಿದ್ದಳು, ಹುಡುಗಿ ಬಂದಿದ್ದಳಾ ಅಂತ. ಕಾಯಿಲೆ ಬಿದ್ದ ವರ್ಷ ಹಾಸಿಗೆಯಿಂದ ಕೇಳಿದಳು. ಬಂದಿದ್ದಳು ಅಂದೆ. ಸುಳ್ಳಾಗಲಿಲ್ಲ, ನೀನು ಬಂದಿದ್ದೆ. ಒಂದು ವರ್ಷವೂ ತಪ್ಪಿಸಲಿಲ್ಲ ನೀನು. ಥ್ಯಾಂಕ್ಸ್ ಹೇಳ್ಬೇಕಾದ್ದು ನಾನು. ಹೆಸರು ಗೊತ್ತಿಲ್ಲದೆ ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ.”

“ಹೆಲ್ಯಾ,” ಎಂದಳು ಅವಳು.

“ಹೆಲ್ಯಾ,” ಎಂದು ಆತ ಆ ಹೆಸರನ್ನೂ ನಿಧಾನವಾಗಿ ಬಿಡಿಸಿಕೊಂಡ.

ಮಾರ್ಯುತ್ ಕೇಳಿದಳು: “ಅವರು ಹೋದ ಮೇಲೂ ಯಾಕೆ ಅರೆದ್ರಿ? ಕಣ್ಣು ಉರಿಯೋದಿಲ್ವಾ?”

“ಉರಿಯುತ್ತೆ. ಒಂದು ಗಂಟೆ ನೀರು ಸುರಿಯುತ್ತೆ,” ಎಂದ ತೂರೆ. “ನಮ್ಮ ದ್ವೀಪದಲ್ಲಿ ಗಂಡಸರು ಸುಮ್ಮಸುಮ್ಮನೆ ಅಳೋ ಹಾಗಿಲ್ಲ. ಸೆಪ್ಟೆಂಬರಲ್ಲಿ ಒಂದು ದಿನ ಸಾಸಿವೆ ಅರೆಯೋಕಿದೆ ಅಂದ್ರೆ ಯಾರೂ ಕೇಳಲ್ಲ.”

ಹೆಲ್ಯಾ ಬಾಗಿದ ಆ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಆತನನ್ನು ಮುಟ್ಟಿದ್ದು ಅದೇ ಮೊದಲು. ಆತನೂ ಸರಿಯಲಿಲ್ಲ.

“ಈಗ ಇದನ್ನ ಏನು ಮಾಡೋದು?” ಎಂದ ತೂರೆ, ಪೆಟ್ಟಿಗೆಯನ್ನು ಕಾಲಿನಲ್ಲಿ ತೋರಿಸುತ್ತ.

ಹೆಲ್ಯಾ ವಿರ್ಪಿಯ ಹೆಗಲು ಹಿಡಿದು ಮುಂದೆ ತಳ್ಳಿದಳು. “ನಿಮ್ಮ ಮನೆಯ ಇಪ್ಪತ್ತು ಜಾಡಿ ಹೋಗಿರೋದು ಈ ಹೊಟ್ಟೆಗೆ. ತಳ ಕೆರೆದು ತಿಂದಿದಾಳೆ.”

ತೂರೆ ವಿರ್ಪಿಯನ್ನು ಮೇಲಿಂದ ಕೆಳಕ್ಕೆ ನೋಡಿದ. “ನಿಜವಾಗ್ಲೂ ಸೇರುತ್ತಾ? ಅಥವಾ ಪರವಾಗಿಲ್ವಾ?”

“ಅಜ್ಜ, ನಂಗೆ ಸುಳ್ಳು ಹೇಳೋಷ್ಟು ಮರ್ಯಾದೆ ಇಲ್ಲ,” ಎಂದಳು ವಿರ್ಪಿ. “ಆಲೂಗೆಡ್ಡೆ ತನ್ನಿ, ಇಲ್ಲೇ ತಿಂದು ತೋರಿಸ್ತೀನಿ.”

ಆಲೂಗೆಡ್ಡೆ ದೋಣಿಯ ಒಲೆಯ ಮೇಲೆ ಬೇಯುತ್ತಲೇ ಇತ್ತು. ವಿರ್ಪಿ ಜೊತೆಗೆ ತಂದಿದ್ದ ಈ ವರ್ಷದ ಜಾಡಿಯ ಮುಚ್ಚಳ ತೆಗೆದು ಕೂತಳು. ಅರ್ಧ ಜಾಡಿ ಮುಗಿದ ಮೇಲೆ ತೂರೆ ಬೋಗುಣಿಯನ್ನು ಅವಳ ಮೊಣಕಾಲ ನಡುವೆ ಇಟ್ಟು, ಒಂದು ಹಿಡಿ ಸಾಸಿವೆ ಹಾಕಿ, ಗುಂಡು ಹೊರಳಿಸುವುದನ್ನು ಹೇಳಿಕೊಟ್ಟ. ಕೈಯಲ್ಲಲ್ಲ, ಮೊಣಕಾಲಲ್ಲಿ ತೂಗಬೇಕು, ತೊಟ್ಟಿಲು ತೂಗಿದ ಹಾಗೆ. ವಿರ್ಪಿಯ ಕಣ್ಣು ಮೂಗು ಸುರಿಯತೊಡಗಿದವು. ಮಾರ್ಯುತ್ ನಕ್ಷೆಯ ಹಿಂದಿನ ಓರೆ ಅಕ್ಷರಗಳನ್ನು ಓದಿಸಿಕೊಂಡು ತನ್ನ ಚೀಟಿಯಲ್ಲಿ ಗೆರೆ ಎಳೆದಂತೆ ಬರೆದುಕೊಂಡಳು. ‘ಮೂರನೆಯ ಬಟ್ಟಲು ಸಕ್ಕರೆಗೆ ತುಸು ಕೈ ಬಿಗಿ’ ಎಂದಿದ್ದಲ್ಲಿ ತುಸು ಅಂದರೆ ಎಷ್ಟು ಎಂದು ನಾಲ್ಕು ಸಲ ಕೇಳಿದಳು.

“ನಾವು ಮನುಷ್ಯರು ತಿನ್ನೋದನ್ನ ತಿನ್ನೋಣ,” ಎಂದು ತೂರೆ ಹೆಲ್ಯಾಳಿಗೆ ಹೇಳಿದ. ಬರೀ ಉಪ್ಪು ಹಾಕಿದ ಸಿಲಕ್ಕ, ಬಿಸಿ ಆಲೂಗೆಡ್ಡೆ, ಒಂದು ತುಂಡು ಬೆಣ್ಣೆ. ಮಾರಾಟಕ್ಕಿಡದ, ತನಗಾಗಿ ಮಾಡಿಕೊಂಡ ಪುಟ್ಟ ಮರದ ಡಬ್ಬಿಯಿಂದ ತೆಗೆದು ಕೊಟ್ಟ. ಇಬ್ಬರೂ ದೋಣಿಯ ಅಂಚಿನ ಮೇಲೆ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ತಿಂದರು. ಬೆಣ್ಣೆ ಕರಗಿ ಉಪ್ಪಿನ ಜೊತೆ ಬೆರೆತು ಬೆರಳ ಸಂದಿಗೆ ಇಳಿಯಿತು. ದಡದ ಆಚೆ ಒಂದು ಟ್ರಾಮ್ ಗಂಟೆ ಬಾರಿಸಿಕೊಂಡು ತಿರುವಿನಲ್ಲಿ ಹೋಯಿತು. ಅದನ್ನು ಓಡಿಸುತ್ತಿದ್ದ ಹುಡುಗಿ ಹೊಸಬಳೆಂದು ಹೆಲ್ಯಾಳಿಗೆ ತಿರುವು ತೆಗೆದುಕೊಂಡ ರೀತಿಯಲ್ಲೇ ಗೊತ್ತಾಯಿತು.

“ಹೇಗಿದೆ?” ಎಂದ ತೂರೆ.

ಅವಳು ಬಾಯಲ್ಲಿದ್ದುದನ್ನು ಪೂರ್ತಿ ನುಂಗಿದಳು.

“ತುಂಬಾ ಚೆನ್ನಾಗಿದೆ,” ಎಂದಳು. “ಇನ್ನೊಂದು ಹಾಕಿ.”

ತೂರೆ ಎರಡು ಹಾಕಿದ.